ಉದ್ದ-ಗಿಡ್ಡ ದಾಖಲೆಗಳ ಗೂಡ್ಸ್ ಗಾಡಿ

ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹೊರಟ ರೈಲು ಚಾಮರಾಜಪುರಂ ದಾಟಿದರೆ ಸಿಗುವುದು ಅಶೋಕಪುರಂ. ಇಲ್ಲಿಯ ರೈಲ್ವೆ ಕಾರ್ಯಾಗಾರ ಶುರುವಾದದ್ದು 1924ರಲ್ಲಿ, ಮೈಸೂರು ಸಂಸ್ಥಾನದ ರೈಲ್ವೆಯ ಕಾಲದಲ್ಲಿ. 1951ರಲ್ಲಿ ಆ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಿಂದ ಈಚೆಗೆ ಕಾರ್ಯಾಗಾರ ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಗೆ ಸೇರಿದೆ. ಓಡಿ ಓಡಿ ಸವೆದ ಪ್ರಯಾಣಿಕರ ಬೋಗಿಗಳು ಇಲ್ಲಿಗೆ ಬಂದು, ರಿಪೇರಿಯಾಗಿ, ಹೊಸ ಬಣ್ಣ ಬಳಿಸಿಕೊಂಡು ಮತ್ತೆ ಹಳಿಗೆ ಮರಳುತ್ತವೆ.

ಬಣ್ಣ ಬದಲಾದರೂ ಬೋಗಿಯ ಮೈಮೇಲಿನ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಬಹುಕಾಲ ರೂಢಿಯಲ್ಲಿದ್ದ ಪದ್ಧತಿಯಂತೆ ಅದು ಐದು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷವನ್ನು ಹೇಳಿದರೆ, ಉಳಿದ ಮೂರು ಅದರ ಕ್ರಮಸಂಖ್ಯೆ. 98ರಿಂದ ಆರಂಭವಾದರೆ 1998ರ ಬೋಗಿ, 05ರಿಂದ ಆರಂಭವಾದರೆ 2005ರದ್ದು. ಗೂಡ್ಸ್ ವ್ಯಾಗನ್ನುಗಳದ್ದು ಇನ್ನೂ ಉದ್ದದ ಸಂಖ್ಯೆ, ಒಟ್ಟು 11 ಅಂಕಿ. ಮೊದಲ ಎರಡು ವ್ಯಾಗನ್ನಿನ ಮಾದರಿ, ಆಮೇಲಿನ ಎರಡು ಯಾವ ರೈಲ್ವೆಯದು ಎಂಬುದು, ಮತ್ತೆರಡು ತಯಾರಾದ ವರ್ಷ, ನಾಲ್ಕು ಕ್ರಮಸಂಖ್ಯೆ, ಕೊನೆಯದು ತಪ್ಪು ಹಿಡಿಯಲು ಇಟ್ಟ ತಾಳೆ ಅಂಕಿ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೊತ್ತು ಕಳೆಯುವ ವಿದ್ಯಾರ್ಥಿಗಳು ಇದನ್ನು ಬಿಡಿಸಿ ಓದಬಹುದು.

ಗಣಕದ ಭಾಷೆಯಲ್ಲಿ ಇಂಥದ್ದಕ್ಕೆ ನಿಗದಿ ಉದ್ದದ ದಾಖಲೆ ಎನ್ನುತ್ತಾರೆ. ಯಾವ ಖಾನೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದು ಮೊದಲೇ ಗೊತ್ತು. ಐದನೆಯ ಮತ್ತು ಆರನೆಯ ಅಂಕಿಯನ್ನು ನೋಡಿದರೆ ವ್ಯಾಗನ್ನಿನ ವರ್ಷ ಸಿಕ್ಕಿತು, ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ. ಯಂತ್ರಕ್ಕೆ ಇದಕ್ಕಿಂತ ಸುಲಭವಾದದ್ದು ಬೇರೊಂದಿಲ್ಲ.

ಆದರೆ ಸುಲಭವಾದದ್ದು ಬಹುದಿನ ಬಾಳುವುದಿಲ್ಲ. ಈಚಿನ ಎಷ್ಟೋ ಬೋಗಿಗಳ ಮೇಲೆ ಆರು ಅಂಕಿಗಳ ಸಂಖ್ಯೆ ಕಾಣಿಸುತ್ತಿದೆ. ಐದು ಅಂಕಿಗೆಂದು ಅಳೆದು ಇಟ್ಟ ಖಾನೆಯಲ್ಲಿ ಆರನೆಯದನ್ನು ಎಲ್ಲಿ ಇಡುವುದು? ಒಂದು ಖಾನೆ ಒಂದು ಸ್ಥಾನದಷ್ಟು ಹಿಗ್ಗಿದರೆ ಅದರ ಬಲಗಡೆಯ ಎಲ್ಲ ಖಾನೆಗಳೂ ಒಂದೊಂದು ಸ್ಥಾನ ಸರಿಯಬೇಕು. ಹಳೆಯ ದಾಖಲೆಗಳನ್ನೆಲ್ಲ ಹೊಸ ಅಳತೆಗೆ ತಿದ್ದಿ ಬರೆಯಬೇಕು. ಇದಲ್ಲದೆ ಸುಮ್ಮನೆ ಸಂಖ್ಯೆಯ ಪ್ರಕಾರ ಜೋಡಿಸಿದರೆ 2005ರ ಬೋಗಿ 1998ರ ಬೋಗಿಗಿಂತ ಮುಂಚೆ ಬಂದು ಕೂರುತ್ತದೆ, ಏಕೆಂದರೆ 98ಕ್ಕಿಂತ 05 ಚಿಕ್ಕದು. 1999ರ ಕೊನೆಯಲ್ಲಿ ಜಗತ್ತನ್ನೇ ಹೆದರಿಸಿದ ವೈ-ಟು-ಕೆ ಎಂಬ ಗುಮ್ಮ ಹುಟ್ಟಿದ್ದು ಇದೇ ಎರಡಂಕಿಯ ವರ್ಷದಿಂದ.

ಈ ಬಗೆಯ ತಿದ್ದುವ, ಜೋಡಿಸುವ ಕೆಲಸಗಳನ್ನು ಮೇನ್‌ಫ್ರೇಮ್ ಎಂಬ ದೊಡ್ಡ ಗಣಕಗಳಲ್ಲಿ ಮಾಡುವುದು ಸಾರ್ಟ್ ಯುಟಿಲಿಟಿ ಎಂಬ ಸಿದ್ಧ ತಂತ್ರಾಂಶ. ಐಬಿಎಂನ ಡಿಎಫ್‌ಸಾರ್ಟ್, ಬೇರೊಂದು ಸಂಸ್ಥೆಯ ಸಿಂಕ್‌ಸಾರ್ಟ್ ಇವೆರಡು ಹೆಸರಾದವು. ಹೆಸರು ವಿಂಗಡಣೆಯದ್ದಾದರೂ ಅದರ ಅರ್ಧಕ್ಕರ್ಧ ಬಳಕೆ ದಾಖಲೆಗಳ ರೂಪ ಬದಲಿಸುವುದಕ್ಕೆ. ಕಂಪ್ಯೂಟರ್ ಸಂಸ್ಥೆಗಳಿಗೆ ಸೇರಿ ಮೇನ್‌ಫ್ರೇಮ್ ವಿಭಾಗಕ್ಕೆ ಬಿದ್ದ ಮಕ್ಕಳು ಕಲಿಯುವ ಮೊದಲ ಕೆಲಸಗಳಲ್ಲಿ ಇದೂ ಒಂದು. ‘ಹಳೇ ಕಾಲದ ಯಂತ್ರಕ್ಕೆ ಹಾಕಿಬಿಟ್ಟರಂತೆ’ ಎಂದು ಮನೆಯಲ್ಲಿ ಅಪ್ಪ ಅಮ್ಮ ಮುಖ ಸಪ್ಪಗೆ ಮಾಡಿಕೊಳ್ಳುವುದೂ ಉಂಟು.

ಸಂಬಳದ ಪಟ್ಟಿ ತಂದ ತಲೆನೋವು

ಭಾರತೀಯ ರೈಲ್ವೆಗೆ ಈ ಯಂತ್ರಗಳು ಹೊಸವಲ್ಲ. 1960ರ ದಶಕದಲ್ಲೇ ವಲಯ ರೈಲ್ವೆಗಳಿಗೆ ಐಬಿಎಂ 1401 ಗಣಕಗಳು ಬಂದವು. ಸಂಬಳದ ಪಟ್ಟಿ, ಸರಕು ಸಾಗಣೆಯ ಆದಾಯ, ಉಗ್ರಾಣದ ದಾಸ್ತಾನು ಇವುಗಳ ಲೆಕ್ಕ ಅವುಗಳ ಪಾಲಿಗೆ ಬಂತು. 1959ರಲ್ಲಿ ಪ್ರಕಟವಾದ ಈ 1401ರ ನೆನಪಿನ ಶಕ್ತಿ ಎಷ್ಟಿತ್ತು ಗೊತ್ತೇ? ಅತಿ ಹೆಚ್ಚೆಂದರೆ 16,000 ಅಕ್ಷರ. ಅಷ್ಟರಲ್ಲಿ ಸಾವಿರಾರು ನೌಕರರ ಸಂಬಳ ಹಾಕಬೇಕು. ಆದ್ದರಿಂದ ಒಂದೊಂದು ಅಕ್ಷರದ ಜಾಗಕ್ಕೂ ಜಿಪುಣತನ.

ಮಾಹಿತಿ ಒಳಗೆ ಹೋಗುತ್ತಿದ್ದುದು ರಂಧ್ರ ಹೊಡೆದ ರಟ್ಟಿನ ಕಾರ್ಡುಗಳ ಮೂಲಕ. ಒಂದು ಕಾರ್ಡಿಗೆ 80 ಸಾಲು-ಕಂಬ, ಅಂದರೆ 80 ಅಕ್ಷರ. ಐಬಿಎಂ ಈ ಅಳತೆಯನ್ನು 1928ರಲ್ಲಿ ತಂದದ್ದು. ರಟ್ಟಿನ ಅಗಲ ಯಾರಿಗೂ ಹಿಗ್ಗುವುದಿಲ್ಲವಾದ್ದರಿಂದ ಎಲ್ಲರ ಮಾಹಿತಿಯೂ ಅದರೊಳಗೇ ಹಿಡಿಯಬೇಕು, ಇಲ್ಲವೇ ಎರಡನೆಯ ಕಾರ್ಡಿಗೆ ಹರಿಯಬೇಕು.

ಸಂಬಳದ ದಾಖಲೆಯನ್ನೇ ತೆಗೆದುಕೊಳ್ಳಿ. ಕಾರ್ಯಾಗಾರದ ನೌಕರನೊಬ್ಬನ ಟಿಕೆಟ್ ನಂಬರು, ಹೆಸರು, ದರ್ಜೆ ಮತ್ತು ವೇತನ ಇವೆಲ್ಲ ಪ್ರತಿಯೊಬ್ಬರಿಗೂ ಇರುವಂಥವೇ. ಕಡಿತದ ಬಾಬ್ತು ಬಂದಾಗಲೇ ತೊಡಕು. ಒಬ್ಬನಿಗೆ ಭವಿಷ್ಯನಿಧಿ ಮತ್ತು ವಸತಿಗೃಹದ ಬಾಡಿಗೆ, ಅಷ್ಟೇ. ಇನ್ನೊಬ್ಬನಿಗೆ ಅವುಗಳ ಜೊತೆಗೆ ಹಬ್ಬದ ಮುಂಗಡ, ಸಹಕಾರ ಸಂಘದ ಸಾಲ, ವಿಮೆಯ ಕಂತು, ಮಗಳ ಮದುವೆಗೆ ತೆಗೆದ ಮುಂಗಡ, ಹೀಗೆ ಒಂಬತ್ತು. ಯಾರಿಗೆ ಎಷ್ಟು ಖಾನೆ ಇಡುವುದು?

ಒಂದು ಲೆಕ್ಕ ಹಾಕಿ ನೋಡಬಹುದು. ಎಲ್ಲರಿಗೂ ಇರುವ ಭಾಗಕ್ಕೆ 40 ಸ್ಥಾನ ಎನ್ನಿ: ಟಿಕೆಟ್ ನಂಬರಿಗೆ 6, ಹೆಸರಿಗೆ 24, ದರ್ಜೆ-ವೇತನಕ್ಕೆ 10. ಒಂದೊಂದು ಕಡಿತಕ್ಕೆ 12 ಸ್ಥಾನ, ಯಾವ ಕಡಿತ ಎಂಬ ಸಂಕೇತಕ್ಕೆ 4, ಮೊಬಲಗಿಗೆ 8. ಯಾರಿಗೂ ಕೊರತೆಯಾಗದಿರಲಿ ಎಂದು ಹತ್ತು ಕಡಿತದ ಜಾಗ ಬಿಟ್ಟರೆ ಪ್ರತಿ ದಾಖಲೆಯೂ 160 ಸ್ಥಾನ. ಸಾವಿರ ನೌಕರರಿಗೆ 1,60,000. ಸರಾಸರಿ ನಾಲ್ಕೇ ಕಡಿತವಿದ್ದರೆ ಬೇಕಾದದ್ದು 88 ಸ್ಥಾನ ಮಾತ್ರ. ಉಳಿದದ್ದೆಲ್ಲ ಖಾಲಿ ಬರ್ತ್. ಹತ್ತೇ ಜನ ಹತ್ತಿದರೂ 72 ಬರ್ತಿನ ಸ್ಲೀಪರ್ ಬೋಗಿಯನ್ನು ಇಡಿಯಾಗಿ ಎಳೆದೊಯ್ಯುವಂತೆ.

ಟೇಪಿನಲ್ಲಿ ಬರೆಯುವಾಗ ಇನ್ನೊಂದು ವಿಚಿತ್ರ. ಅಂಗುಲಕ್ಕೆ 800 ಅಕ್ಷರ ಹಿಡಿಯುವ ಕಾಂತೀಯ ಟೇಪಿನಲ್ಲಿ 160 ಅಕ್ಷರದ ದಾಖಲೆ ಆಕ್ರಮಿಸುವುದು ಅಂಗುಲದ ಐದನೇ ಒಂದು ಭಾಗ. ಆದರೆ ಟೇಪು ನಿಂತು ಹೊರಡಲು ಒಂದು ಬರಹಕ್ಕೂ ಇನ್ನೊಂದು ಬರಹಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ, ಆ ಕಾಲದ ಏಳು ಜಾಡಿನ ಟೇಪಿನಲ್ಲಿ, ಮುಕ್ಕಾಲು ಅಂಗುಲ! ಅನ್ನಕ್ಕಿಂತ ಎಲೆಯೇ ದೊಡ್ಡದಾದಂತೆ. ಅದಕ್ಕೇ ಹಲವು ದಾಖಲೆಗಳನ್ನು ಸೇರಿಸಿ ಒಂದು ಕಟ್ಟು ಮಾಡಿ ಬರೆಯುವ ರೂಢಿ ಬಂತು. ಆ ಕಟ್ಟಿಗೆ ಬ್ಲಾಕ್ ಎಂದು ಹೆಸರು.

ತಲೆಯ ಮೇಲೆ ಅಳತೆಯ ಚೀಟಿ

1964ರ ಏಪ್ರಿಲ್ 7ರಂದು ಐಬಿಎಂ ‘ಸಿಸ್ಟಂ 360’ ಎಂಬ ಗಣಕ ಕುಟುಂಬವನ್ನು ಪ್ರಕಟಿಸಿತು. ಅದರ ಕಡತಗಳಲ್ಲಿ ಉದ್ದ ಬದಲಾಗುವ ದಾಖಲೆಗಳಿಗೆ ಒಂದು ಸರಳ ಏರ್ಪಾಡು ಇತ್ತು. ಅದೇ ಏರ್ಪಾಡು ಇವತ್ತಿನ ಮೇನ್‌ಫ್ರೇಮಿನಲ್ಲೂ ಮುಂದುವರಿದಿದೆ.

ಪ್ರತಿ ದಾಖಲೆಯ ತಲೆಯಲ್ಲಿ ನಾಲ್ಕು ಬೈಟಿನ ಒಂದು ಚೀಟಿ. ಅದಕ್ಕೆ ರೆಕಾರ್ಡ್ ಡಿಸ್ಕ್ರಿಪ್ಟರ್ ವರ್ಡ್ ಎನ್ನುತ್ತಾರೆ. ಮೊದಲ ಎರಡು ಬೈಟಿನಲ್ಲಿ ಈ ದಾಖಲೆ ಎಷ್ಟು ಉದ್ದ ಎಂಬ ಸಂಖ್ಯೆ. ಉಳಿದೆರಡರಲ್ಲಿ ಸಾಮಾನ್ಯವಾಗಿ ಸೊನ್ನೆ. ಓದುವ ಯಂತ್ರ ಮೊದಲು ಚೀಟಿ ನೋಡುತ್ತದೆ, ಅಷ್ಟು ಉದ್ದ ಎಣಿಸಿ ಮುಂದೆ ಸಾಗುತ್ತದೆ, ಅಲ್ಲಿ ಇನ್ನೊಂದು ಚೀಟಿ ಸಿಗುತ್ತದೆ. ಒಂದು ಉದ್ದ, ಒಂದು ಗಿಡ್ಡ ವ್ಯಾಗನ್ನುಗಳ ಗೂಡ್ಸ್ ಗಾಡಿಯ ಹಾಗೆ.

ಇಲ್ಲೊಂದು ಸೂಕ್ಷ್ಮ ಇದೆ. ಚೀಟಿಯಲ್ಲಿ ಬರೆದ ಉದ್ದದಲ್ಲಿ ಚೀಟಿಯ ನಾಲ್ಕು ಬೈಟೂ ಸೇರಿರುತ್ತದೆ. ತೂಕದ ಕಾಟಾದ ಮೇಲೆ ಲಾರಿ ನಿಲ್ಲಿಸಿದಾಗ ಬರುವ ತೂಕದಲ್ಲಿ ಲಾರಿಯದ್ದೂ ಸೇರಿರುತ್ತದಲ್ಲವೇ, ಹಾಗೆ. ಎರಡು ಕಡಿತದ ನೌಕರನ ದಾಖಲೆ 40ಕ್ಕೆ 24 ಸೇರಿ 64, ಚೀಟಿಯೂ ಸೇರಿ 68. ಒಂಬತ್ತು ಕಡಿತದವನದು 152. ನಾಲ್ಕು ಕಡಿತದ್ದು 92. ಸರಾಸರಿ ಅದೇ ಆದರೆ ಸಾವಿರ ಜನರಿಗೆ 92,000 ಬೈಟು. ಮೊದಲಿನ ಲೆಕ್ಕಕ್ಕೆ ಹೋಲಿಸಿದರೆ 68,000 ಉಳಿತಾಯ.

ಹಾಗಾದರೆ ಎಲ್ಲವನ್ನೂ ಹೀಗೇ ಇಡಬಹುದಲ್ಲ, ರೂಪ ಬದಲಿಸುವ ಗೋಜು ಯಾಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕಾರಣ ಇಷ್ಟೆ: ದಾಖಲೆ ಒಂದೇ ಕಚೇರಿಯಲ್ಲಿ ಕೂರುವುದಿಲ್ಲ. ಸಂಬಳದ ಕಡತ ಬ್ಯಾಂಕಿಗೆ ಹೋಗಬೇಕು, ಪಿಂಚಣಿಯ ಲೆಕ್ಕಕ್ಕೆ ಹೋಗಬೇಕು, ತೆರಿಗೆಯವರಿಗೂ ಬೇಕು. ಒಬ್ಬರಿಗೆ ನಿಗದಿ ಉದ್ದ, ಇನ್ನೊಬ್ಬರಿಗೆ ಬದಲಾಗುವ ಉದ್ದ, ಮತ್ತೊಬ್ಬರಿಗೆ ಹೆಸರು ಮೊದಲು ನಂಬರು ಆಮೇಲೆ. ನಡುವೆ ನಿಂತು ಎಲ್ಲರಿಗೂ ಅವರವರ ಅಳತೆಗೆ ಹೊಲಿದು ಕೊಡುವ ದರ್ಜಿಯೇ ಸಾರ್ಟ್ ಯುಟಿಲಿಟಿ. ಪ್ರೋಗ್ರಾಂ ಬರೆಯಬೇಕಿಲ್ಲ. ನಾಲ್ಕಾರು ಸಾಲಿನ ಆಜ್ಞೆ ಕೊಟ್ಟರೆ ಸಾಕು. ಯಾವ ಸ್ಥಾನದಿಂದ ಎಷ್ಟು ಬೈಟು ಎತ್ತಬೇಕು, ಯಾವ ಕ್ರಮದಲ್ಲಿ ಇಡಬೇಕು ಎಂಬುದೇ ಆ ಆಜ್ಞೆಯ ತಿರುಳು.

ಸದ್ದಿಲ್ಲದೆ ಬರುವ ತಪ್ಪು

ನಾಲ್ಕೇ ಸಾಲು ಎಂದರೆ ಹಗುರವಾಗಿ ಕಾಣುತ್ತದೆ. ಆದರೆ ಹೊಸಬರು ಮೊದಲು ಎಡವುವುದು ಇಲ್ಲೇ, ಅದೂ ತಲೆಚೀಟಿಯ ನಾಲ್ಕು ಬೈಟಿನಲ್ಲೇ.

ನಿಗದಿ ಉದ್ದದ ದಾಖಲೆಯಲ್ಲಿ ಟಿಕೆಟ್ ನಂಬರು ಇರುವುದು 1ನೇ ಸ್ಥಾನದಿಂದ. ಬದಲಾಗುವ ಉದ್ದದ ದಾಖಲೆಯಲ್ಲಿ ಮೊದಲ ನಾಲ್ಕು ಸ್ಥಾನ ಚೀಟಿಯ ಪಾಲು, ಟಿಕೆಟ್ ನಂಬರು ಶುರುವಾಗುವುದು 5ನೇ ಸ್ಥಾನದಿಂದ. ಇದನ್ನು ಮರೆತು ‘1ರಿಂದ 6 ಬೈಟಿನ ಪ್ರಕಾರ ಜೋಡಿಸು’ ಎಂದು ಆಜ್ಞೆ ಕೊಟ್ಟರೆ ಏನಾಗುತ್ತದೆ? ಯಂತ್ರ ತಕರಾರು ಮಾಡುವುದಿಲ್ಲ. ಆ ಆರು ಬೈಟಿನಲ್ಲಿ ಮೊದಲಿಗೇ ಇರುವುದು ದಾಖಲೆಯ ಉದ್ದವಾದ್ದರಿಂದ ಅದರ ಪ್ರಕಾರ ಶ್ರದ್ಧೆಯಿಂದ ಜೋಡಿಸಿ ಕೊಡುತ್ತದೆ. ಕಡಿತ ಕಡಿಮೆ ಇದ್ದವರು ಮೊದಲು, ಮೈತುಂಬ ಸಾಲ ಮಾಡಿಕೊಂಡವರು ಕೊನೆಗೆ! ಕೆಲಸ ಯಶಸ್ವಿ ಎಂದು ಸೂಚಿಸುವ ಸೊನ್ನೆ ಸಂಕೇತವೂ ಬರುತ್ತದೆ. ಮುಂದಿನ ಪ್ರೋಗ್ರಾಂ ಟಿಕೆಟ್ ನಂಬರಿನ ಕ್ರಮವನ್ನು ನಂಬಿಕೊಂಡು ಎರಡು ಕಡತಗಳನ್ನು ತಾಳೆ ನೋಡಲು ಹೊರಟಾಗ ಅರ್ಧ ಜನ ‘ಸಿಗಲಿಲ್ಲ’ ಎಂಬ ಪಟ್ಟಿಗೆ ಬೀಳುತ್ತಾರೆ. ಗಣಕದಲ್ಲಿ ನಿಂತುಹೋಗುವ ಕೆಲಸಕ್ಕಿಂತ ತಪ್ಪಾಗಿ ಮುಗಿಯುವ ಕೆಲಸವೇ ಹೆಚ್ಚು ಅಪಾಯ.

ರೂಪ ಬದಲಿಸುವಾಗಲೂ ಹೀಗೇ. ಹೊಸ ದಾಖಲೆಯೂ ಬದಲಾಗುವ ಉದ್ದದ್ದೇ ಆಗಿದ್ದರೆ ಆಜ್ಞೆಯಲ್ಲಿ ಮೊದಲು ‘1ರಿಂದ 4’ ಎಂದು ಚೀಟಿಗೆ ಜಾಗ ಕೊಡಬೇಕು. ಆಮೇಲೆ 5ರಿಂದ 6 ಬೈಟು ಟಿಕೆಟ್ ನಂಬರು, 11ರಿಂದ 24 ಬೈಟು ಹೆಸರು, 35ರಿಂದ 10 ಬೈಟು ದರ್ಜೆ-ವೇತನ. ಕೊನೆಗೆ ಬರೀ ‘45’ ಎಂದು ಉದ್ದ ಹೇಳದೆ ಬಿಟ್ಟರೆ ಅಲ್ಲಿಂದ ದಾಖಲೆಯ ಬಾಲ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಎಂದು ಅರ್ಥ. ಎರಡು ಕಡಿತವಿರಲಿ ಒಂಬತ್ತಿರಲಿ, ಇದ್ದಷ್ಟು ಬರುತ್ತದೆ. ಖಾನೆ ಸೇರಿಸಿದರೆ ಅಥವಾ ತೆಗೆದರೆ ಹೊಸ ಉದ್ದವನ್ನು ಲೆಕ್ಕಹಾಕಿ ಚೀಟಿ ತಿದ್ದುವ ಕೆಲಸವನ್ನು ಯುಟಿಲಿಟಿಯೇ ನೋಡಿಕೊಳ್ಳುತ್ತದೆ. ಬಾಲಕ್ಕೆ ಉದ್ದ ಹೇಳಬೇಡ ಎಂಬ ಈ ಪುಟ್ಟ ಸೌಲಭ್ಯ ಮಾಡಿದವರ ಜಾಣತನವನ್ನು ಮೆಚ್ಚಲೇಬೇಕು.

ಬದಲಾಗುವ ಉದ್ದದಿಂದ ನಿಗದಿ ಉದ್ದಕ್ಕೆ ಹೋಗುವಾಗ ಚೀಟಿ ಉದುರಿಹೋಗುತ್ತದೆ, ಗಿಡ್ಡ ದಾಖಲೆಗಳ ಖಾಲಿ ಜಾಗವನ್ನು ಏನಾದರೂ ಹಾಕಿ ತುಂಬಬೇಕಾಗುತ್ತದೆ. ಏನು ಹಾಕುವುದು ಎಂಬುದನ್ನು ಆಜ್ಞೆ ಕೊಡುವವರು ನಿರ್ಧರಿಸಬಹುದು. ಹೆಸರಿನ ಖಾನೆಯಾದರೆ ಖಾಲಿ ಅಕ್ಷರ ಸರಿ. ಮೊಬಲಗಿನ ಖಾನೆಯಲ್ಲಿ ಖಾಲಿ ಅಕ್ಷರ ತುಂಬಿದರೆ, ಅದನ್ನು ಸಂಖ್ಯೆಯೆಂದು ಕೂಡಲು ಹೋದ ಕೋಬಾಲ್ ಪ್ರೋಗ್ರಾಂ ‘ಎಸ್-ಸೊನ್ನೆ-ಸಿ-ಏಳು’ ಎಂಬ ಸಂಕೇತ ಕೊಟ್ಟು ಅಲ್ಲೇ ಕುಸಿಯುತ್ತದೆ. ಮೇನ್‌ಫ್ರೇಮಿನಲ್ಲಿ ದುಡಿದವರಲ್ಲಿ ಈ ಸಂಕೇತ ನೋಡದೆ ರಾತ್ರಿಪಾಳಿ ಮುಗಿಸಿದವರು ಕಡಿಮೆ. ಇಲ್ಲಿ ತುಂಬಬೇಕಾದದ್ದು ಸೊನ್ನೆಯ ಅಂಕಿ. ಹಾಗೆ ತುಂಬಿದರೆ ಕಡಿತದ ಸಂಕೇತವೂ 0000, ಮೊಬಲಗೂ ಸೊನ್ನೆ, ಅಂದರೆ ಕಡಿತವಿಲ್ಲ.

ಇನ್ನು ವಾಪಸು ಬರುವ ದಾರಿ. 160 ಬೈಟಿನ ನಿಗದಿ ದಾಖಲೆಯ ಬಾಲದಲ್ಲಿ ಸಾಲಾಗಿ ಸೊನ್ನೆಗಳಿವೆ, ಅವನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಬಾಲದ ಇಂಥ ಅಕ್ಷರಗಳನ್ನೆಲ್ಲ ಕತ್ತರಿಸು ಎಂಬ ಆಜ್ಞೆಯೂ ಇದೆ. ‘ಸೊನ್ನೆ ಕತ್ತರಿಸು’ ಎಂದರಾಯಿತಲ್ಲ? ಅವಸರದವರು ಹಾಗೇ ಮಾಡುತ್ತಾರೆ. ನೌಕರನ ಕೊನೆಯ ಕಡಿತ ಸಹಕಾರ ಸಂಘದ 1,500 ರೂಪಾಯಿ ಎನ್ನಿ. ಪೈಸೆಯೂ ಸೇರಿ ಎಂಟು ಅಂಕಿಯಲ್ಲಿ ಅದು 00150000. ಯಂತ್ರ ಬಾಲದಿಂದ ಸೊನ್ನೆ ಕತ್ತರಿಸುತ್ತಾ ಬಂತು, ಖಾಲಿ ಕಡಿತಗಳನ್ನೆಲ್ಲ ಮುಗಿಸಿತು, ಅಲ್ಲಿಗೆ ನಿಲ್ಲಬೇಕೆಂದು ಅದಕ್ಕೇನು ಗೊತ್ತು? ಮೊಬಲಗಿನ ಕೊನೆಯ ನಾಲ್ಕು ಸೊನ್ನೆಗಳನ್ನೂ ತಿಂದು 0015ಕ್ಕೆ ಬಂದು ನಿಂತಿತು. 68 ಇರಬೇಕಾದ ದಾಖಲೆ 64 ಆಯಿತು. ಸಾಲದ ಕಂತು ಗೋತಾ. ಇದಕ್ಕೆ ಉಪಾಯವೂ ಉಂಟು. ಮೊದಲು ಸಂಕೇತ 0000 ಇರುವ ಕಡಿತಗಳನ್ನು ಮಾತ್ರ ಖಾಲಿ ಅಕ್ಷರಗಳಾಗಿ ಮಾರ್ಪಡಿಸಿ, ಆಮೇಲೆ ‘ಖಾಲಿ ಕತ್ತರಿಸು’ ಎನ್ನುವುದು. ಯಾವ ಮೊಬಲಗೂ ಖಾಲಿ ಅಕ್ಷರದಲ್ಲಿ ಕೊನೆಗೊಳ್ಳುವುದಿಲ್ಲವಲ್ಲ!

ಬೋಗಿಗಳ 98 ಮತ್ತು 05ರ ಜಗಳಕ್ಕೂ ಸಾರ್ಟ್ ಯುಟಿಲಿಟಿಯಲ್ಲಿ ಪರಿಹಾರವಿದೆ. ನೂರು ವರ್ಷದ ಒಂದು ಕಿಟಕಿಯನ್ನು ಗೊತ್ತುಮಾಡಿ, ಇಂಥ ಅಂಕಿಯಿಂದ ಕೆಳಗಿನವು 2000ದ ನಂತರದವು, ಮೇಲಿನವು 1900ರ ನಂತರದವು ಎಂದು ಹೇಳಿದರೆ ಎರಡಂಕಿಯ ವರ್ಷವನ್ನೂ ಅದು ಸರಿಯಾದ ಕ್ರಮದಲ್ಲಿ ಜೋಡಿಸುತ್ತದೆ.

ಅಕ್ಷರಮಾಲೆಯ ಕ್ರಮದಲ್ಲೂ ಒಂದು ತಕರಾರು ಇದೆ. ಮೇನ್‌ಫ್ರೇಮಿನ ಎಬ್‌ಸಿಡಿಕ್ ಸಂಕೇತಮಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲು, ಅಂಕಿಗಳು ಆಮೇಲೆ. ಮನೆಯ ಗಣಕದ ಆಸ್ಕಿ ಸಂಕೇತಮಾಲೆಯಲ್ಲಿ ಅಂಕಿ ಮೊದಲು. ಒಂದೇ ಪಟ್ಟಿಯನ್ನು ಎರಡೂ ಕಡೆ ಜೋಡಿಸಿದರೆ ಎರಡು ಬೇರೆ ಕ್ರಮ ಬರುತ್ತದೆ. ಯಾರದ್ದೂ ತಪ್ಪಲ್ಲ, ಹೊಂದಾಣಿಕೆ ಮಾತ್ರ ಇಲ್ಲ.

ಚಿಕ್ಕದೇವಮ್ಮ ಚಿಕ್ಕದೇವನಾದ ಬಗೆ

ಹೆಸರಿಗೆ 24 ಬೈಟು ಇಟ್ಟದ್ದು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ. ಚಿಕ್ಕದೇವಮ್ಮ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ 13 ಅಕ್ಷರ, ಸುಖವಾಗಿ ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ?

ಇವತ್ತು ಕನ್ನಡ ಲಿಪಿಯನ್ನು ಗಣಕಗಳಲ್ಲಿ ಇಡುವುದು ಯೂನಿಕೋಡ್ ಎಂಬ ಸಂಕೇತಮಾಲೆಯಲ್ಲಿ. ಅದನ್ನು ಕಡತದಲ್ಲಿ ಬರೆಯುವ ಸಾಮಾನ್ಯ ವಿಧಾನವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದು ಅಲ್ಲಿ ಹಲವು ಸಂಕೇತಗಳಾಗಿರುತ್ತದೆ. ‘ಚಿ’ ಎಂದರೆ ಚ ಮತ್ತು ಗುಡಿಸು, ಎರಡು ಸಂಕೇತ. ‘ಕ್ಕ’ ಎಂದರೆ ಕ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಕ, ಒಟ್ಟು ಮೂರು. ದೇ ಎಂಬುದಕ್ಕೆ ಎರಡು, ವ ಒಂದು, ‘ಮ್ಮ’ಕ್ಕೆ ಮೂರು. ಎಲ್ಲ ಸೇರಿ ಹನ್ನೊಂದು ಸಂಕೇತ, 33 ಬೈಟು.

24 ಬೈಟಿನ ಖಾನೆಯಲ್ಲಿ ಹಿಡಿಯುವುದು ಎಂಟೇ ಸಂಕೇತ. ಎಣಿಸಿ ನೋಡಿ: ಎಂಟಕ್ಕೆ ಸರಿಯಾಗಿ ಕತ್ತರಿಸಿದರೆ ಉಳಿಯುವುದು ‘ಚಿಕ್ಕದೇವ’. ಅಮ್ಮ ಮಾಯ! ಪಿಂಚಣಿಯ ಪಟ್ಟಿಯಲ್ಲಿ ಚಿಕ್ಕದೇವ, ಆಧಾರ್ ಕಾರ್ಡಿನಲ್ಲಿ ಚಿಕ್ಕದೇವಮ್ಮ ಎಂದು ಇದ್ದರೆ ಬ್ಯಾಂಕಿನ ಕಿಟಕಿಯಲ್ಲಿ ಕೂತವರು ಯಾವುದನ್ನು ನಂಬಬೇಕು? ಲಕ್ಷ್ಮಿ ಎಂಬ ಎರಡಕ್ಷರದ ಹೆಸರಿಗೂ ಏಳು ಸಂಕೇತ, 21 ಬೈಟು ಬೇಕು. 20 ಬೈಟಿನ ಖಾನೆಯಾದರೆ ಕೊನೆಯ ಗುಡಿಸಿನ ಮೂರು ಬೈಟಿನಲ್ಲಿ ಎರಡು ಮಾತ್ರ ಒಳಗೆ ಉಳಿದು, ಅದು ಯಾವ ಅಕ್ಷರವೂ ಅಲ್ಲದ ಕಸವಾಗುತ್ತದೆ. ಅಶೋಕಪುರಂ ಎಂಬ ಹೆಸರಿಗೆ ಎಂಟು ಸಂಕೇತ, 24 ಬೈಟು. ಅದು ಮಾತ್ರ ಅಳೆದು ಮಾಡಿದಂತೆ ಕೂರುತ್ತದೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು ಹೆಸರಿದ್ದು ವಿದ್ಯಾರ್ಥಿವೇತನಕ್ಕೆ ಅಲೆದಾಡಿದ ಮನೆಗಳಿಗೆ ಇದು ತಮಾಷೆಯ ವಿಷಯವಲ್ಲ. ಅಂಥ ಎಲ್ಲ ಗೊಂದಲಕ್ಕೂ ಗಣಕವೇ ಕಾರಣ ಎನ್ನಲಾಗದು, ಬರೆದುಕೊಂಡವರ ಕೈತಪ್ಪೇ ಹೆಚ್ಚಿರಬಹುದು. ಆದರೆ ನಿಗದಿ ಉದ್ದದ ಖಾನೆ ಉದ್ದ ಹೆಸರಿನವರಿಗೆ ಮಾಡುವ ಅನ್ಯಾಯ ಲೆಕ್ಕ ಹಾಕಿ ತೋರಿಸಬಹುದಾದದ್ದು. ಊರಿನ ಹೆಸರು, ತಂದೆಯ ಹೆಸರು, ಮನೆದೇವರ ಹೆಸರು ಎಲ್ಲವನ್ನೂ ಹೊತ್ತು ತಿರುಗುವ ಕನ್ನಡದ ಜನರಿಗೆ ತಲೆಯ ಮೇಲೆ ತನ್ನ ಉದ್ದವನ್ನು ತಾನೇ ಬರೆದುಕೊಂಡ ದಾಖಲೆಯೇ ಒಪ್ಪುವಂಥದ್ದು.

ಹಳೇ ಯಂತ್ರವೇ?

ಪೋಷಕರ ಆತಂಕಕ್ಕೆ ಬರೋಣ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋಯಿತು. ಅದು ಬಿಟ್ಟುಹೋದ ಯಂತ್ರಗಳ ನಿರ್ವಹಣೆ ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿಗೆ ಬಂತು. ರೈಲ್ವೆಯ ಮುಂಗಡ ಟಿಕೆಟ್ ವ್ಯವಸ್ಥೆಯನ್ನು 1980ರ ದಶಕದಲ್ಲಿ ಗಣಕಕ್ಕೆ ತಂದದ್ದೂ ಅದೇ ಸಿಎಂಸಿ, ಆದರೆ ಅದಕ್ಕೆ ಬಳಸಿದ್ದು ಬೇರೆ ಜಾತಿಯ ಗಣಕ. ರೈಲ್ವೆಯ 1401ಗಳ ಕಾಲ ಎಂದೋ ಮುಗಿಯಿತು. ಇದನ್ನೆಲ್ಲ ನೋಡಿದರೆ ಮೇನ್‌ಫ್ರೇಮ್ ಎಂಬುದು ಉಗಿಬಂಡಿಯಂತೆ ವಸ್ತುಸಂಗ್ರಹಾಲಯ ಸೇರಿತು ಅನ್ನಿಸುವುದು ಸಹಜ.

ಹಾಗಾಗಿಲ್ಲ. ಐಬಿಎಂ ತನ್ನ ಝಡ್16 ಮಾದರಿಯನ್ನು 2022ರಲ್ಲಿ, ಝಡ್17 ಮಾದರಿಯನ್ನು 2025ರಲ್ಲಿ ಪ್ರಕಟಿಸಿತು. ದೊಡ್ಡ ಬ್ಯಾಂಕುಗಳು, ವಿಮಾ ಕಂಪನಿಗಳು, ವಿದೇಶದ ಸರ್ಕಾರಿ ಇಲಾಖೆಗಳು ಅವುಗಳ ಗಿರಾಕಿಗಳು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳ ಪ್ರವಾಹ ಬಂದಾಗ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ‘ಕೋಬಾಲ್ ಬಲ್ಲವರು ಬೇಕಾಗಿದ್ದಾರೆ’ ಎಂದು ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಅಲ್ಲಿಯ ನಿರುದ್ಯೋಗ ಭತ್ಯೆಯ ವ್ಯವಸ್ಥೆ ನಿಂತದ್ದು ದಶಕಗಳಷ್ಟು ಹಳೆಯ ಮೇನ್‌ಫ್ರೇಮ್ ಪ್ರೋಗ್ರಾಂಗಳ ಮೇಲೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಕ್ಷೇತ್ರದಲ್ಲಿ ಹೊಸ ಹೊಸದನ್ನು ಕಟ್ಟುವ ಸಂಭ್ರಮ ಕಡಿಮೆ, ಇನ್ನೊಬ್ಬರು ಬರೆದದ್ದನ್ನು ಜೋಪಾನ ಮಾಡುವ ಕೆಲಸ ಹೆಚ್ಚು. ರಾತ್ರಿಪಾಳಿ ಉಂಟು. ಹಳೆಯ ಪ್ರೋಗ್ರಾಂಗಳನ್ನು ಹೊಸ ಯಂತ್ರಗಳಿಗೆ ಸಾಗಿಸುವ ಪ್ರಯತ್ನಗಳೂ ನಡೆದೇ ಇವೆ. ಆದರೆ ಸಾಗಿಸುವಾಗಲೂ ಮೊದಲು ಬೇಕಾದದ್ದು ಹಳೆಯ ದಾಖಲೆಯ ಯಾವ ಬೈಟಿನಲ್ಲಿ ಏನಿದೆ ಎಂದು ಓದಬಲ್ಲವರು. ಹಳೇ ಬೋಗಿಯನ್ನು ಬಿಚ್ಚಲು ಅದನ್ನು ಕಟ್ಟಿದ ಬಗೆ ಗೊತ್ತಿರಬೇಕು. ಅಶೋಕಪುರಂನ ಫಿಟ್ಟರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕುತೂಹಲವಿದ್ದವರು ಕೆಲಸ ಸಿಗುವವರೆಗೆ ಕಾಯಬೇಕಿಲ್ಲ. ಐಬಿಎಂ ಝಡ್ ಎಕ್ಸ್‌ಪ್ಲೋರ್ ಎಂಬ ಕಲಿಕೆಯ ತಾಣದಲ್ಲಿ ನೋಂದಾಯಿಸಿಕೊಂಡು ನಿಜವಾದ ಮೇನ್‌ಫ್ರೇಮಿನ ಮೇಲೆ ಉಚಿತವಾಗಿ ಅಭ್ಯಾಸ ಮಾಡಬಹುದು. ಮನೆಯ ಗಣಕದಲ್ಲೇ ಮೇನ್‌ಫ್ರೇಮಿನ ಅನುಕರಣೆ ಮಾಡುವ ಹರ್ಕ್ಯುಲಿಸ್ ಎಂಬ ತಂತ್ರಾಂಶವೂ, ಜಿಎನ್‌ಯು ಕೋಬಾಲ್ ಕೂಡ ದುಡ್ಡಿಲ್ಲದೆ ಸಿಗುತ್ತವೆ.

ಗಣಕ ಇಲ್ಲದವರು ಚೌಕಳಿ ಹಾಳೆಯಲ್ಲೇ ಶುರುಮಾಡಬಹುದು. ತರಗತಿಯ ಹತ್ತು ಜನರ ಹಾಜರಿ ಸಂಖ್ಯೆಗೆ ಎರಡು ಚೌಕ, ಆಮೇಲೆ ಹೆಸರಿಗೆ ಇಂಗ್ಲಿಷ್ ಅಕ್ಷರಕ್ಕೊಂದರಂತೆ ಬೇಕಾದಷ್ಟು ಚೌಕ. ಪ್ರತಿ ಸಾಲಿನ ತಲೆಯಲ್ಲಿ ನಾಲ್ಕು ಚೌಕ ಬಿಟ್ಟು ಅಲ್ಲಿ ಒಟ್ಟು ಉದ್ದವನ್ನು ಬರೆಯಬೇಕು, ಆ ನಾಲ್ಕನ್ನೂ ಸೇರಿಸಿ. ರವಿ ಎಂಬ ಹುಡುಗನಿಗೆ 4, 2 ಮತ್ತು 4 ಸೇರಿ 10 ಬರಬೇಕು. ಆಮೇಲೆ ಎಲ್ಲರ ಹೆಸರನ್ನೂ 8 ಚೌಕಕ್ಕೆ ಕತ್ತರಿಸಿ ಇನ್ನೊಂದು ಹಾಳೆಗೆ ಬರೆದು, ಯಾರ್‍ಯಾರ ಹೆಸರು ಏನಾಯಿತೆಂದು ಅವರವರಿಗೇ ತೋರಿಸಬಹುದು.